ರಿಂಗ್ ರೋಡ್ ಬರೋಕೆ ಮುಂಚೆ ಪಾಲು ಮಾಡ್ಕೊಂಡ ದೇಶ

ದೇಶಗಳು ಯಾಕೆ ಉದ್ಧಾರ ಆಗ್ತವೆ, ಯಾಕೆ ಹಾಳಾಗ್ತವೆ ಅಂತ ಮಾತು ಬಂದ್ರೆ ಸಾಕು, ಯಾರಾದ್ರೊಬ್ರು ಸಿಂಗಪುರ ಅಂತಾರೆ, ಲೀ ಕ್ವಾನ್ ಯೂ ಅಂತಾರೆ, ಅಲ್ಲಿಗೆ ಚರ್ಚೆ ಮುಗೀತು. ನನಗಂತೂ ಸಿಂಗಪುರದ ಕಥೆ ಕೇಳಿ ಕೇಳಿ ಸಾಕಾಗಿದೆ. ಇವತ್ತು ದಕ್ಷಿಣ ಆಫ್ರಿಕಾದ ಪಕ್ಕದ ಬೋಟ್ಸ್ವಾನಾಕ್ಕೆ ಹೋಗೋಣ.

1966ರ ಸೆಪ್ಟೆಂಬರ್ 30ಕ್ಕೆ ಅದು ಸ್ವತಂತ್ರ ಆಯ್ತು. ಸಮುದ್ರ ಇಲ್ಲ. ಮುಕ್ಕಾಲು ಪಾಲು ನೆಲ ಕಲಹರಿ ಮರುಭೂಮಿ. ಆ ವರ್ಷಗಳಲ್ಲಿ ಘೋರ ಬರ ಬೇರೆ, ಜನರ ಆಸ್ತಿ ಅಂದ್ರೆ ದನ, ಆ ದನಾನೇ ಸಾಯ್ತಿದ್ವು. ಇಡೀ ದೇಶದಲ್ಲಿ ಡಾಂಬರು ರಸ್ತೆ ಸುಮಾರು 12 ಕಿಲೋಮೀಟರ್. ಬ್ರಿಟಿಷರು ಈ ದೇಶ ಆಳ್ತಿದ್ದದ್ದು ಮಫೆಕಿಂಗ್ ಅನ್ನೋ ಊರಿಂದ, ಆ ಊರೋ ದಕ್ಷಿಣ ಆಫ್ರಿಕಾದಲ್ಲಿ! 1965ರ ತನಕ ರಾಜಧಾನಿ ಕೂಡ ಗಡಿಯ ಒಳಗೆ ಇರ್ಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಸರ್ಕಾರ ನಡೆಸೋಕೆ ಬ್ರಿಟನ್ ದುಡ್ಡು ಕಳಿಸ್ಬೇಕಿತ್ತು.

ಅದೇ ಹೊತ್ತಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ನೋಡಿ. ಒಳ್ಳೆ ಬಂದರು ಇತ್ತು, ರೈಲು ಇತ್ತು, 1827ರಲ್ಲೇ ಶುರುವಾದ ಕಾಲೇಜಿತ್ತು, 1930ರಿಂದ ವಜ್ರವೂ ಸಿಗ್ತಿತ್ತು. 1966ರಲ್ಲಿ ನಿಮ್ಮ ಕೈಗೆ ದುಡ್ಡು ಕೊಟ್ಟು ಎರಡರಲ್ಲಿ ಒಂದರ ಮೇಲೆ ಹಾಕಿ ಅಂದಿದ್ರೆ ನೀವು ಸಿಯೆರಾ ಲಿಯೋನ್ ಮೇಲೇ ಹಾಕ್ತಿದ್ರಿ. ನಾನೂ ಅಷ್ಟೇ. ಅಲ್ಲಿ 1991ರಿಂದ 2002ರ ತನಕ ಅಂತರ್ಯುದ್ಧ ಆಯ್ತು, ಬಂದೂಕಿನ ಖರ್ಚಿಗೆ ವಜ್ರವೇ ದುಡ್ಡಾಯ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು, ಇಲ್ದಿದ್ರೆ ಮೋಸ ಆಗುತ್ತೆ. ಸಿಯೆರಾ ಲಿಯೋನ್‌ನ ವಜ್ರ ಹೊಳೆಯ ಮರಳಲ್ಲಿ ಚೆಲ್ಲಿದ್ದು. ಸಲಿಕೆ, ಜರಡಿ ಇದ್ದೋರು ಯಾರು ಬೇಕಾದ್ರೂ ತೆಗೀಬಹುದು, ಜೇಬಲ್ಲಿಟ್ಕೊಂಡು ಗಡಿ ದಾಟಬಹುದು. ಬೋಟ್ಸ್ವಾನಾದ್ದು ನೆಲದಾಳದ ಬಂಡೆಯಲ್ಲಿತ್ತು. ದೊಡ್ಡ ಬಂಡವಾಳ, ದೊಡ್ಡ ಯಂತ್ರ, ಸುತ್ತ ಬೇಲಿ ಇಲ್ಲದೆ ಆಗದ ಕೆಲಸ. ಕಾವಲು ಕಾಯೋದು ಸುಲಭ. ಅದೃಷ್ಟದ ಪಾಲು ಅಷ್ಟು ಇತ್ತು, ಒಪ್ಪೋಣ.

ಆದ್ರೆ ಅದೃಷ್ಟಕ್ಕೆ ಮೀರಿದ್ದು ಇನ್ನೊಂದಿದೆ. ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಬಮಂಗ್ವಾಟೋ ಅನ್ನೋ ದೊಡ್ಡ ಬುಡಕಟ್ಟಿನ ರಾಜವಂಶದವರು. 1948ರಲ್ಲಿ ಲಂಡನ್ನಿನಲ್ಲಿ ರೂತ್ ವಿಲಿಯಮ್ಸ್ ಅನ್ನೋ ಬಿಳಿ ಹುಡುಗಿಯನ್ನ ಮದುವೆ ಆದ್ರು. ಪಕ್ಕದ ವರ್ಣಭೇದಿ ದಕ್ಷಿಣ ಆಫ್ರಿಕಾಕ್ಕೆ ಉರಿ ಹತ್ತಿತು, ಅವರನ್ನ ಮೆಚ್ಚಿಸೋಕೆ ಬ್ರಿಟನ್ ಇವರನ್ನ ಗಡೀಪಾರು ಮಾಡ್ತು. ಪಟ್ಟ ಬಿಟ್ಕೊಟ್ಟ ಮೇಲೇ 1956ರಲ್ಲಿ ಊರಿಗೆ ಬಿಟ್ರು. ಇಂಥ ಮನುಷ್ಯ ಚುನಾವಣೆಗೆ ನಿಂತು ಗೆದ್ದು ಅಧ್ಯಕ್ಷ ಆದ ಮೇಲೆ, 1967ರ ಕಾನೂನಿನ ಮೂಲಕ ನೆಲದಡಿಯ ಖನಿಜದ ಹಕ್ಕು ಬುಡಕಟ್ಟುಗಳ ಕೈಯಿಂದ ದೇಶದ ಕೈಗೆ ಬಂತು. ಒರಾಪಾದಲ್ಲಿ ವಜ್ರ ಪತ್ತೆಯಾಗಿದ್ದು ಅದೇ 1967ರಲ್ಲಿ. ಒರಾಪಾ ಯಾರ ನೆಲ? ಬಮಂಗ್ವಾಟೋಗಳದ್ದು, ಖಾಮಾ ಅವರ ಸ್ವಂತ ಜನರದ್ದು. "ಇದು ನಮ್ಮೋರದ್ದು" ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು, ದೇಶ ಅಲ್ಲಿಗೇ ಒಡೀತಿತ್ತು.

ಗಣಿಯಿಂದ ದುಡ್ಡು ಬರೋಕೆ ಶುರುವಾಗಿದ್ದು 1971ರ ಮೇಲೆ. ಈ ವರ್ಷಗಳ ಅಂತರ ಗಮನಿಸಿ, ನನ್ನ ಪ್ರಕಾರ ಇಡೀ ಕಥೆಯ ಗುಟ್ಟು ಇಲ್ಲೇ ಇದೆ. ಊರಾಚೆ ಹೊಲವನ್ನ ರಿಂಗ್ ರೋಡ್ ಬರೋಕೆ ಮುಂಚೆ ಪಾಲು ಮಾಡ್ಕೊಂಡ ಅಣ್ಣತಮ್ಮಂದಿರು ಈಗಲೂ ಒಬ್ಬರ ಮನೆಗೊಬ್ಬರು ಹೋಗ್ತಾರೆ. ರೋಡ್ ಬಂದ ಮೇಲೆ ಪಾಲಿಗೆ ಕೂತೋರು ಇನ್ನೂ ಕೋರ್ಟಲ್ಲಿದ್ದಾರೆ. ನೆಲದಡಿಯ ದುಡ್ಡು ರಾಜಕೀಯವನ್ನ ಏನು ಮಾಡುತ್ತೆ ಅಂತ ಬಳ್ಳಾರಿ ನೋಡಿದ ನಮಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಆಮೇಲೆ ಚೌಕಾಸಿ. ಶುರುವಲ್ಲಿ ಗಣಿಯಲ್ಲಿ ಸರ್ಕಾರದ ಪಾಲು ಬರೀ ಶೇಕಡಾ 15, ಮಿಕ್ಕಿದ್ದು ಡಿ ಬೀರ್ಸ್ ಅನ್ನೋ ದೊಡ್ಡ ವಜ್ರದ ಕಂಪನಿಯದ್ದು. 1975ರ ಹೊತ್ತಿಗೆ ಮತ್ತೆ ಮಾತಿಗೆ ಕೂತು ಅದನ್ನ 50ಕ್ಕೆ ಏರಿಸಿದ್ರು. ತೆರಿಗೆ, ರಾಯಲ್ಟಿ ಸೇರಿಸಿದ್ರೆ ಲಾಭದ ದೊಡ್ಡ ಪಾಲು ಖಜಾನೆಗೇ. ಆ ದುಡ್ಡು ಶಾಲೆ, ಆಸ್ಪತ್ರೆ, ರಸ್ತೆಗೆ ಹೋಯ್ತು, ಉಳಿದದ್ದನ್ನ ವಿದೇಶದಲ್ಲಿ ಉಳಿತಾಯಕ್ಕೆ ಹಾಕಿದ್ರು. ಆಳೋರೆಲ್ಲ ಸಂತರಾಗಿದ್ರು ಅಂತಲ್ಲ. ಅವರಲ್ಲಿ ಬಹಳ ಜನ ದೊಡ್ಡ ದೊಡ್ಡ ದನದ ಹಿಂಡಿನ ಮಾಲೀಕರು. ಯುರೋಪಿಗೆ ಮಾಂಸ ಕಳಿಸ್ಬೇಕು ಅಂದ್ರೆ ರಸ್ತೆ ಬೇಕು, ಪಶುವೈದ್ಯರು ಬೇಕು, ನಿಯತ್ತಾದ ಆಡಳಿತ ಬೇಕು. ದೇಶದ ಲಾಭ, ಇವರ ಲಾಭ ಒಂದೇ ದಾರೀಲಿ ನಡೀತು. ಹೀಗೆ ಮೂವತ್ತು ವರ್ಷ, ಜಗತ್ತಿನಲ್ಲೇ ಅತಿ ವೇಗವಾಗಿ ಬೆಳೆದ ದೇಶಗಳ ಸಾಲಲ್ಲಿ ಬೋಟ್ಸ್ವಾನಾ ಇತ್ತು.

ಕಲಹರಿಯ ಮೂಲನಿವಾಸಿಗಳಾದ ಸಾನ್ ಜನರನ್ನ ಕೇಳಿದ್ರೆ ಅವರು ಬೇರೆ ಕಥೆ ಹೇಳ್ತಾರೆ. ಇದೇ ಸರ್ಕಾರ ಅವರನ್ನ ಅವರ ಕಾಡಿಂದ ಎಬ್ಬಿಸಿತು, 2006ರಲ್ಲಿ ಹೈಕೋರ್ಟು ಅದು ಕಾನೂನುಬಾಹಿರ ಅಂತು.

ಈಗ ಇಳಿಜಾರು. ರಫ್ತಿನಲ್ಲಿ ಸುಮಾರು ಶೇಕಡಾ 80 ಬರೀ ವಜ್ರ. ಗಣಿ ದುಡ್ಡು ಕೊಡುತ್ತೆ, ಉದ್ಯೋಗ ಕೊಡೋದು ಕಮ್ಮಿ. ಬೇರೆ ಕಸುಬು ಬೆಳೆಸ್ಬೇಕು ಅಂತ ಯೋಜನೆ ಮೇಲೆ ಯೋಜನೆ ಬರೆದ್ರು, ಬರೆದು ಇಟ್ರು. ಯಾಕೆ ಅವಸರ? 1966ರಿಂದ ಒಂದೇ ಪಕ್ಷ ಗೆಲ್ತಾ ಇತ್ತು, ವಜ್ರದ ಚೆಕ್ ತಪ್ಪದೆ ಬರ್ತಿತ್ತು. ಅಷ್ಟರಲ್ಲಿ ಗಣಿ ಇಲ್ಲದೆ ಯಂತ್ರದಲ್ಲೇ ಬೆಳೆಸೋ ಲ್ಯಾಬ್ ವಜ್ರ ಬಂತು. ಅದು ತಯಾರಾಗೋ ದೊಡ್ಡ ಜಾಗಗಳಲ್ಲಿ ನಮ್ಮ ಸೂರತ್ತೂ ಒಂದು. 2023ರ ಜೂನ್‌ನಲ್ಲಿ ಪ್ರಧಾನಿ ಮೋದಿ ಆಗಿನ ಅಮೆರಿಕ ಅಧ್ಯಕ್ಷರ ಹೆಂಡತಿ ಜಿಲ್ ಬೈಡನ್‌ಗೆ ಕೊಟ್ಟ 7.5 ಕ್ಯಾರಟ್ ವಜ್ರ ಲ್ಯಾಬಿನದ್ದೇ. ನಮಗೆ ಅದು ಹೆಮ್ಮೆಯ ಸುದ್ದಿ, ಬೋಟ್ಸ್ವಾನಾದ ರಾಜಧಾನಿ ಗ್ಯಾಬೊರೋನ್‌ನಲ್ಲಿ ಆ ಸುದ್ದಿ ಓದಿದೋರ ಹೊಟ್ಟೆ ಹೇಗೆ ಚುರುಕ್ಕಂದಿರಬೇಕು! 2024ರಲ್ಲಿ ಅವರ ಆರ್ಥಿಕತೆ ಕುಗ್ಗಿತು. 2025ರ ಆಗಸ್ಟ್‌ನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಮುಗಿದು ತುರ್ತುಸ್ಥಿತಿ ಘೋಷಿಸಬೇಕಾಯ್ತು.

ನಡುವೆ, 2024ರ ಅಕ್ಟೋಬರ್‌ನಲ್ಲಿ, ಚುನಾವಣೆ ನಡೀತು. 58 ವರ್ಷ ಆಳಿದ ಪಕ್ಷಕ್ಕೆ ಚುನಾಯಿತ 61 ಸ್ಥಾನಗಳಲ್ಲಿ ಸಿಕ್ಕಿದ್ದು ನಾಲ್ಕು. ಅಧ್ಯಕ್ಷ ಮಸಿಸಿ ಪೂರ್ತಿ ಫಲಿತಾಂಶ ಬರೋಕೂ ಮುಂಚೆ ಸೋಲು ಒಪ್ಕೊಂಡ್ರು. ಸೈನ್ಯ ಬೀದಿಗೆ ಬರ್ಲಿಲ್ಲ, ಮತಯಂತ್ರ, ಮತಪೆಟ್ಟಿಗೆ ಅಂತ ರಂಪ ಆಗ್ಲಿಲ್ಲ. ಖಜಾನೆ ಖಾಲಿಯಾದ ದೇಶದಲ್ಲಿ ಇದು ಸಣ್ಣ ಮಾತಲ್ಲ. ವಜ್ರಕ್ಕಿಂತ ಹಳೇ ಆಸ್ತಿ ಅದು.

ಹೊಸ ಅಧ್ಯಕ್ಷ ಡೂಮಾ ಬೊಕೊ ಈಗ ಏನ್ ಮಾಡ್ತಿದ್ದಾರೆ ಅಂದ್ರೆ, ಮಾರಾಟಕ್ಕಿರೋ ಡಿ ಬೀರ್ಸ್ ಕಂಪನಿಯ ಹಿಡಿತವನ್ನೇ ಕೊಂಡ್ಕೋಬೇಕು ಅಂತಿದ್ದಾರೆ. ಭಾವನೆ ಅರ್ಥ ಆಗುತ್ತೆ, ನಮ್ಮ ನೆಲದ ಕಲ್ಲು, ನಾವೇ ಯಜಮಾನರಾಗೋಣ ಅಂತ. ಆದ್ರೆ ಬೆಲೆ ಬೀಳ್ತಿರೋ ಸರಕಿನ ಮೇಲೆ ಕರಗ್ತಾ ಇರೋ ಉಳಿತಾಯವನ್ನ ಸುರಿಯೋದು ನನಗೆ ಸರಿ ಕಾಣ್ತಿಲ್ಲ. 1975ರಲ್ಲಿ ಪಾಲು ಕೇಳಿದ್ದು ಜಾಣತನ, ಆಗ ಮಾರುಕಟ್ಟೆ ಏರ್ತಿತ್ತು. ಇವತ್ತು ಅದೇ ಪಾಲಿಗೆ ಸಾಲ ಮಾಡೋದಾದ್ರೆ ಆ ಸಾಲ ತೀರಿಸೋರು ಈಗ ಕೆಲಸ ಇಲ್ಲದೆ ಕೂತಿರೋ ಹುಡುಗರೇ, ಬೊಕೊಗೆ ವೋಟ್ ಹಾಕಿ ಗೆಲ್ಲಿಸಿದೋರು.