ನೆಗ್ಗಿಲು ಕಷಾಯ: ಕೆಲಸ ಮಾಡೋದು ಮುಳ್ಳೋ, ನೀರೋ?

(ದೃಶ್ಯ: ಹೊಲದ ಬದು. ನೆಲಕ್ಕೆ ಹರಡಿದ ಗಿಡ, ಹಳದಿ ಹೂವು)

ಬಯಲುಸೀಮೆಯಲ್ಲಿ ಬರಿಗಾಲಲ್ಲಿ ನಡೆದವರಿಗೆ ಈ ಗಿಡದ ಪರಿಚಯ ಬೇಕಿಲ್ಲ. ಇದು ನೆಗ್ಗಿಲು ಮುಳ್ಳು. ಆಯುರ್ವೇದದಲ್ಲಿ ಗೋಕ್ಷುರ, ದಶಮೂಲ ಅನ್ನುವ ಹತ್ತು ಔಷಧಿ ಬೇರುಗಳ ಗುಂಪಿನಲ್ಲಿ ಒಂದು. ಮೂತ್ರ ಹೆಚ್ಚಿಸುವ ಗಿಡಗಳ ಜೊತೆ ಚರಕಸಂಹಿತೆ ಇದನ್ನೂ ಸೇರಿಸಿದೆ.

(ದೃಶ್ಯ: ಅಡುಗೆಮನೆ ಕಟ್ಟೆ, ಸಾಲಾಗಿ ಲೋಟಗಳು)

ಉರಿಮೂತ್ರ ಅಂದ ಕೂಡಲೇ ಮನೆಯಲ್ಲಿ ಏನೇನು ಕೊಡುತ್ತಾರೆ? ನೆಗ್ಗಿಲು ಕಷಾಯ, ಬಾರ್ಲಿ ನೀರು, ಕೊತ್ತಂಬರಿ ಬೀಜ ನೆನೆಸಿದ ನೀರು, ಲಾವಂಚದ ನೀರು, ಎಳನೀರು, ಬಾಳೆದಿಂಡಿನ ರಸ. ಎಲ್ಲವೂ ಕುಡಿಯುವಂಥವೇ, ಅಲ್ವಾ?

2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಪದೇ ಪದೇ ಮೂತ್ರಕೋಶದ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರು ಅದರಲ್ಲಿದ್ದರು. ಅರ್ಧ ಜನ ದಿನಕ್ಕೆ 1.5 ಲೀಟರ್ ಜಾಸ್ತಿ ನೀರು ಕುಡಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕಾಯಿತು, ಉಳಿದವರಿಗೆ 3.2 ಸಲ. ಕುಡಿದದ್ದು ಬರೀ ನೀರು! ಹಾಗಾಗಿ ಅಜ್ಜಿಯ ಬಾರ್ಲಿ ನೀರಿನಲ್ಲಿ ಬಾರ್ಲಿಗಿಂತ ನೀರಿನ ಪಾಲೇ ದೊಡ್ಡದು ಅನ್ನೋದು ನನ್ನ ಅನಿಸಿಕೆ.

ಬೇಸಿಗೆಯಲ್ಲಿ ನೀರು ಸಾಲದೆ ಮೂತ್ರ ಕಡು ಹಳದಿಯಾಗಿ ಉರಿದರೆ, ಈ ಪಾನೀಯಗಳು ಸಾಕಾಗಬಹುದು. ಸೋಂಕಿನ ಕಥೆ ಬೇರೆ. ಅದನ್ನು ತರುವುದು ಹೆಚ್ಚಾಗಿ ನಮ್ಮದೇ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾ. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಅಷ್ಟೇ, ಹಾಗಾಗಿ ಅದು ಒಳಗೆ ಹತ್ತುವುದು ಸುಲಭ. ಚಳಿಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ಮೂತ್ರದಲ್ಲಿ ರಕ್ತ ಕಂಡರೆ ಸೋಂಕು ಕಿಡ್ನಿಗೆ ಏರಿರಬಹುದು. ಆಗ ಕಷಾಯ ಕುದಿಸುತ್ತಾ ಕೂರಬೇಡಿ. ಗರ್ಭಿಣಿಯರು, ಮಕ್ಕಳು, ಗಂಡಸರು, ಸಕ್ಕರೆ ಕಾಯಿಲೆಯವರು ಬರೀ ಉರಿ ಇದ್ದರೂ ಡಾಕ್ಟರ್ ಹತ್ತಿರ ಹೋಗಿ ಮೂತ್ರ ಪರೀಕ್ಷೆ ಮಾಡಿಸಲಿ.

ಕಿಡ್ನಿ ದುರ್ಬಲವಾದವರಿಗೆ ಎಳನೀರೂ ಸುಮ್ನೆ ಅಲ್ಲ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ರಕ್ತದಲ್ಲಿ ಅದು ಏರಿದರೆ ಹೃದಯಕ್ಕೇ ಅಪಾಯ.

(ದೃಶ್ಯ: ಒಣ ಬೇರುಗಳ ರಾಶಿ)

ಇನ್ನೊಂದು, ಈಶ್ವರಿ ಬೇರು. ನಾಟಿ ಮದ್ದಿನಲ್ಲಿ ಇದನ್ನು ಬಳಸುತ್ತಾರೆ. ಇದರ ಕುಲದ ಗಿಡಗಳಲ್ಲಿರುವ ಅರಿಸ್ಟೋಲೋಕಿಕ್ ಆಮ್ಲ ಕಿಡ್ನಿ ಕೆಡಿಸುತ್ತದೆ, ಮೂತ್ರದ ಹಾದಿಯಲ್ಲಿ ಕ್ಯಾನ್ಸರ್ ತರುತ್ತದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಯಲ್ಲಿ ಒಂದು ಚೀನೀ ಮೂಲಿಕೆಯ ಬದಲು ಇದೇ ಕುಲದ ಗಿಡ ಸೇರಿಹೋಗಿ, ಹಲವು ಹೆಂಗಸರ ಕಿಡ್ನಿಗಳು ಹಾಳಾದವು. ಹೆಸರಿಲ್ಲದ ಪೊಟ್ಟಣದ ಪುಡಿ ಯಾರಾದರೂ ಕೊಟ್ಟರೆ, ಒಳಗೆ ಯಾವ್ಯಾವ ಬೇರಿದೆ ಅಂತ ಕೇಳಿ. ಉತ್ತರ ಬರದಿದ್ದರೆ ವಾಪಸ್ ಕೊಟ್ಟುಬಿಡಿ.