ಬೇರಿಂಗ್ ದಣಿಯುವುದು ಒಳಗಿನಿಂದ: ಕಾಂಟ್ಯಾಕ್ಟ್ ಸ್ಟ್ರೆಸ್ ಮತ್ತು ಆಯಸ್ಸು

[ದೃಶ್ಯ: ಬಿಚ್ಚಿಟ್ಟ ಬಾಲ್ ಬೇರಿಂಗ್‌ನ ಒಳ ರೇಸ್. ಕ್ಯಾಮೆರಾ ಹತ್ತಿರ ಹೋಗುತ್ತದೆ.]

ನಮಸ್ಕಾರ. ಈ ರೇಸ್, ಅಂದರೆ ಬಾಲ್‌ಗಳು ಉರುಳುವ ಉಕ್ಕಿನ ಬಳೆ, ನೋಡಿ. ಬಾಲ್‌ಗಳು ಓಡುವ ದಾರಿ ಪೂರ್ತಿ ನುಣ್ಣಗೆ ಹೊಳೆಯುತ್ತಿದೆ. ಒಂದೇ ಒಂದು ಕಡೆ ಚಕ್ಕೆ ಎದ್ದು ಗುಂಡಿ ಬಿದ್ದಿದೆ. ಇದು ಬರೀ ಸವೆತ ಆಗಿದ್ದರೆ ದಾರಿಯುದ್ದಕ್ಕೂ ಸವೆಯಬೇಕಿತ್ತು, ಅಲ್ವಾ? ಇಲ್ಲಿ ಉಕ್ಕು ದಣಿದು ಬಿರುಕು ಬಿಟ್ಟಿದೆ. ಇದಕ್ಕೆ ಸ್ಪಾಲಿಂಗ್ ಅನ್ನುತ್ತಾರೆ. ಒಳ್ಳೆಯ ಎಣ್ಣೆ ಹಾಕಿ, ಶುಚಿಯಾಗಿ ಓಡಿಸಿದ ಬೇರಿಂಗ್‌ನಲ್ಲಿ ಈ ಬಿರುಕು ಸಾಮಾನ್ಯವಾಗಿ ಹುಟ್ಟುವುದು ಮೇಲ್ಮೈಯ ಕೆಳಗೆ.

ಯಾಕೆ ಅಂತ ನೋಡೋಣ.

[ಅನಿಮೇಷನ್: ಬಾಲ್ ಮತ್ತು ರೇಸ್ ಒಂದನ್ನೊಂದು ಒತ್ತುತ್ತಿವೆ.]

ಲೋಡ್ ಇಲ್ಲದಾಗ ಬಾಲ್ ರೇಸನ್ನು ಮುಟ್ಟುವುದು ಒಂದು ಚುಕ್ಕೆಯಲ್ಲಿ ಮಾತ್ರ. ಲೋಡ್ ಬಿದ್ದಾಗ ಎರಡೂ ಕಡೆಯ ಉಕ್ಕು ಚೂರು ಚಪ್ಪಟೆಯಾಗಿ, ಸಣ್ಣ ಮೊಟ್ಟೆಯಾಕಾರದ ಜಾಗದಲ್ಲಿ ಒಂದಕ್ಕೊಂದು ಕೂರುತ್ತವೆ. ಆ ಜಾಗ ಎಷ್ಟು ದೊಡ್ಡದು, ಅಲ್ಲಿನ ಒತ್ತಡ, ಅಂದರೆ ಕಾಂಟ್ಯಾಕ್ಟ್ ಸ್ಟ್ರೆಸ್, ಎಷ್ಟು ಅಂತ ಲೆಕ್ಕ ಹಾಕುವ ದಾರಿ ತೋರಿಸಿದವರು ಹೈನ್ರಿಕ್ ಹರ್ಟ್ಸ್, 1880ರ ದಶಕದ ಆರಂಭದಲ್ಲಿ. ರೇಡಿಯೋ ಅಲೆಗಳನ್ನು ಪ್ರಯೋಗದಲ್ಲಿ ತೋರಿಸಿದ ಅದೇ ಹರ್ಟ್ಸ್.

ಜಾಗ ಚಿಕ್ಕದಾದ್ದರಿಂದ ಒತ್ತಡ ವಿಪರೀತ. ದಿನನಿತ್ಯದ ಕೆಲಸದಲ್ಲೇ 1,000ದಿಂದ 2,000 ಮೆಗಾಪ್ಯಾಸ್ಕಲ್ ಇರುತ್ತದೆ. 2,000 ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 20,000 ಪಟ್ಟು! ಆದರೂ ಉಕ್ಕು ನುಜ್ಜುಗುಜ್ಜಾಗುವುದಿಲ್ಲ. ಆ ಜಾಗದ ಉಕ್ಕನ್ನು ಸುತ್ತಲಿನ ಉಕ್ಕು ಎಲ್ಲ ಕಡೆಯಿಂದ ಅದುಮಿ ಹಿಡಿದಿರುತ್ತದೆ. ಎಲ್ಲ ದಿಕ್ಕಿನಿಂದ ಸಮನಾಗಿ ಒತ್ತಿದರೆ ಲೋಹಕ್ಕೆ ಜಾರಲು ಜಾಗವೇ ಇಲ್ಲ. ಅದನ್ನು ಹಾಳು ಮಾಡುವುದು ಪದರಗಳನ್ನು ಒಂದರ ಮೇಲೊಂದು ಜಾರಿಸುವ ಬಲ, ಅಂದರೆ ಶಿಯರ್.

ಇಡೀ ವಿಷಯದ ಕೀಲಿ ಇರುವುದು ಇಲ್ಲೇ. ಒತ್ತಡ ಅತಿ ಹೆಚ್ಚು ಇರುವುದು ಮೇಲ್ಮೈಯಲ್ಲಿ. ಶಿಯರ್ ಅತಿ ಹೆಚ್ಚು ಇರುವುದು ಅದರ ಕೆಳಗೆ, ಬೇರಿಂಗ್ ಗಾತ್ರ ಮತ್ತು ಲೋಡ್ ನೋಡಿಕೊಂಡು ಮಿಲಿಮೀಟರ್‌ನ ಒಂದು ಸಣ್ಣ ಭಾಗದಷ್ಟು ಆಳದಲ್ಲಿ. ಬಾಲ್ ಹತ್ತಿರ ಬರುವಾಗ ಅಲ್ಲಿನ ಶಿಯರ್ ಒಂದು ದಿಕ್ಕಿಗೆ, ದಾಟಿ ಹೋಗುವಾಗ ಎದುರು ದಿಕ್ಕಿಗೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಹೋದರೆ ಕೊನೆಗೆ ತುಂಡಾಗುತ್ತದಲ್ಲ, ಹಾಗೆ. ಇಲ್ಲಿ ಮಾತ್ರ ಲಕ್ಷ, ಕೋಟಿ ಸಲ.

ಆ ಆಳದಲ್ಲಿ ಉಕ್ಕಿನೊಳಗೆ ಅಲ್ಯುಮಿನಾದಂಥ (ಅಲ್ಯುಮಿನಿಯಂ ಮತ್ತು ಆಮ್ಲಜನಕ ಸೇರಿ ಆದದ್ದು) ಗಟ್ಟಿ ಕಣವೊಂದು ಸಿಕ್ಕಿಕೊಂಡಿದ್ದರೆ ಬಿರುಕು ಅಲ್ಲಿಂದಲೇ ಶುರು. ಮೆಲ್ಲಗೆ ಬೆಳೆದು ಮೇಲಕ್ಕೆ ಬರುತ್ತದೆ, ಚಕ್ಕೆ ಏಳುತ್ತದೆ. ಬೇರಿಂಗ್ ಉಕ್ಕನ್ನು ಕರಗಿಸುವಾಗ ವ್ಯಾಕ್ಯೂಮ್‌ನಲ್ಲಿಟ್ಟು ಅನಿಲ ಹೊರತೆಗೆಯುವುದು ಸುಮ್ನೆ ಅಲ್ಲ. ಆಮ್ಲಜನಕ ಕಡಿಮೆಯಾದಷ್ಟೂ ಇಂಥ ಕಣಗಳು ಕಡಿಮೆ.

[ಪರದೆಯ ಮೇಲೆ: ಲೋಡ್ 2 ಪಟ್ಟು, ಆಯಸ್ಸು 8ರಲ್ಲಿ 1 ಭಾಗ]

ಈಗ ಆಯಸ್ಸಿನ ಲೆಕ್ಕ. 1947ರಲ್ಲಿ ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಲ್ಮ್‌ಗ್ರೆನ್ ಕೊಟ್ಟ ಸಿದ್ಧಾಂತವೇ ಇವತ್ತಿಗೂ ಇದರ ತಳಪಾಯ. ಬಾಲ್ ಬೇರಿಂಗ್‌ನಲ್ಲಿ ಲೋಡ್ ಇಮ್ಮಡಿಯಾದರೆ ಆಯಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಲೋಡ್ 26 ಶೇಕಡಾ ಏರಿದರೂ ಸಾಕು, ಆಯಸ್ಸು ಅರ್ಧ. ಒತ್ತಡದ ಲೆಕ್ಕದಲ್ಲಿ ಇದು ಇನ್ನೂ ಕಠಿಣ. ಲೋಡ್ ಎಂಟು ಪಟ್ಟಾದಾಗ ಒತ್ತಡ ಎರಡು ಪಟ್ಟು ಮಾತ್ರ ಆಗುತ್ತದೆ. ಹಾಗಾಗಿ ಒತ್ತಡ ಬರೀ 8 ಶೇಕಡಾ ಹೆಚ್ಚಾದರೂ ಆಯಸ್ಸು ಅರ್ಧಕ್ಕೆ ಬರುತ್ತದೆ. ಕ್ಯಾಟಲಾಗ್‌ನಲ್ಲಿ ಕಾಣುವ ಎಲ್10 ಆಯಸ್ಸು ಅಂದರೆ 100 ಬೇರಿಂಗ್‌ಗಳಲ್ಲಿ 90 ದಾಟುವ ಮಟ್ಟ. ಒಂದೊಂದು ಬೇರಿಂಗಿಗೂ ಅದು ಗ್ಯಾರಂಟಿ ಅಲ್ಲ.

ಈ 8 ಶೇಕಡಾ ಎಲ್ಲಿಂದ ಬರುತ್ತದೆ? ಬಾಲ್ ಬದಲು ಉರುಳೆಯಂಥ ರೋಲರ್ ಇರುವ ಬೇರಿಂಗ್‌ನಲ್ಲಿ ಶಾಫ್ಟ್ ಸ್ವಲ್ಪ ವಾರೆಯಾದರೆ ರೋಲರ್‌ನ ಅಂಚಿಗೆ ಭಾರವೆಲ್ಲ ಬೀಳುತ್ತದೆ. ಅದಕ್ಕೇ ರೋಲರ್‌ನ ತುದಿಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ಇಳಿಸಿ ರೂಪಿಸಿರುತ್ತಾರೆ. ಗ್ರೀಸ್‌ಗೆ ಧೂಳಿನ ಗಟ್ಟಿ ಕಣ ಸೇರಿದರೆ ರೇಸ್‌ನಲ್ಲಿ ಪುಟ್ಟ ಗುಳಿ ಬೀಳುತ್ತದೆ. ಆ ಗುಳಿಯ ಅಂಚಿನಲ್ಲಿ ಒತ್ತಡ ಏರಿ, ಬಿರುಕು ಮೇಲ್ಮೈಯಿಂದಲೇ ಶುರುವಾಗುತ್ತದೆ. ಎಣ್ಣೆಯ ಪದರ ಬಹಳ ಸಲ ಒಂದು ಮೈಕ್ರಾನ್‌ಗಿಂತಲೂ ತೆಳು. ಅದು ಹರಿದರೆ ಲೋಹಕ್ಕೆ ಲೋಹ ತಾಗುತ್ತದೆ. ನನ್ನ ಪ್ರಕಾರ, ದೊಡ್ಡ ಬೇರಿಂಗ್ ಹಾಕುವ ಮುಂಚೆ ಸೀಲ್ ಮತ್ತು ಅಲೈನ್‌ಮೆಂಟ್ ಸರಿಯಿದೆಯಾ ಅಂತ ನೋಡಬೇಕು.

ಐಎಸ್‌ಒ 281, ಅಂದರೆ ಬೇರಿಂಗ್ ಆಯಸ್ಸು ಲೆಕ್ಕ ಹಾಕುವ ಅಂತರರಾಷ್ಟ್ರೀಯ ಮಾನದಂಡ, ಒಳ್ಳೆಯ ಬೇರಿಂಗ್ ಉಕ್ಕಿಗೆ ಸುಮಾರು 1,500 ಮೆಗಾಪ್ಯಾಸ್ಕಲ್ ಅನ್ನು ದಣಿವಿನ ಮಿತಿ ಎಂದು ಹಿಡಿಯುತ್ತದೆ. ಅದರ ಕೆಳಗೆ, ಎಣ್ಣೆ ಶುಚಿಯಾಗಿದ್ದು ಪದರ ಸಾಕಷ್ಟು ದಪ್ಪವಿದ್ದರೆ, ಲೆಕ್ಕದ ಪ್ರಕಾರ ದಣಿವಿನಿಂದ ಬೇರಿಂಗ್ ಹಾಳಾಗುವುದೇ ಇಲ್ಲ.