ಟೊಮೆಟೊ ತೋಟದಲ್ಲಿ ಪಿಎಚ್‌ಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ತೋಟಗಾರಿಕೆಯಲ್ಲಿ ಪಿಎಚ್‌ಡಿ ಮುಗಿಯಿತು ಅಂದಾಗ ನಮ್ಮೂರಿನ ಹಿರಿಯರೊಬ್ಬರು, "ಅಷ್ಟೊಂದು ಓದಿ ತಿರುಗಾ ತೋಟಕ್ಕೇ ಹೋಗ್ತೀಯೇನಮ್ಮಾ?" ಅಂದರು. ಅಷ್ಟರಲ್ಲಿ ಬಸ್ ಬಂತು, ಉತ್ತರ ಬಾಕಿ ಉಳಿಯಿತು. ಇವತ್ತು ಹೇಳುತ್ತೇನೆ.

ಮೊದಲು ಲೆಕ್ಕ. ಪಿಯುಸಿ ಆದ ಮೇಲೆ ಬಿಎಸ್‌ಸಿ ತೋಟಗಾರಿಕೆ 4 ವರ್ಷ, ಎಂಎಸ್‌ಸಿ 2, ಪಿಎಚ್‌ಡಿ ಕಡಿಮೆ ಅಂದರೂ 3. ಮಳೆ ಕೈಕೊಟ್ಟು ಪ್ರಯೋಗದ ಬೆಳೆ ಹೋದರೆ ಇನ್ನೂ ಜಾಸ್ತಿ. ಓದಲು ದೂರ ಹೋಗಲೇಬೇಕು ಅಂತೇನಿಲ್ಲ. 2008ರಲ್ಲಿ ಶುರುವಾದ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ ಒಂದು ಕಾಲೇಜು ಕೋಲಾರದ ಟಮಕದಲ್ಲೇ ಇದೆ.

ನಾನು ಹಿಡಿದ ವಿಷಯ ಟೊಮೆಟೊ ಸೊರಗು ರೋಗ. ಕೋಲಾರದವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಳಿಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನ ತಲೆ ಬಾಗಿಸುತ್ತದೆ. ಎಲೆ ಹಳದಿ ಆಗುವುದಕ್ಕೂ ಪುರುಸೊತ್ತಿಲ್ಲ, ಹಸಿರಾಗಿದ್ದಂತೆಯೇ ಬಾಡಿ ಹೋಗುತ್ತದೆ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಬೇರಿನಿಂದ ಒಳಹೊಕ್ಕು, ಕಾಂಡದಲ್ಲಿ ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಆಮೇಲೆ ಎಷ್ಟು ನೀರು ಬಿಟ್ಟರೂ ಪ್ರಯೋಜನವಿಲ್ಲ. ನೀರಿನ ಜೊತೆ ರೋಗವೇ ಪಕ್ಕದ ಸಾಲಿಗೆ ಹೋಗುತ್ತದೆ, ಅಷ್ಟೇ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ. ಆ ತುದಿಯನ್ನು ತಿಳಿನೀರಿನ ಗಾಜಿನ ಲೋಟದಲ್ಲಿ ಇಳಿಬಿಟ್ಟು ಅಲುಗಾಡದಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯ ಹಾಗೆ ಬೆಳ್ಳಗೆ ಕೆಳಗೆ ಇಳಿದರೆ ಅದು ಇದೇ ರೋಗ. ಶಿಲೀಂಧ್ರದಿಂದ ಬಾಡಿದ್ದರೆ ಹೀಗೆ ಇಳಿಯುವುದಿಲ್ಲ. ಅಂಗಡಿಗೆ ಔಷಧಿ ತರಲು ಓಡುವ ಮೊದಲು ಈ ಲೋಟ ನೋಡಿದರೆ ದುಡ್ಡು ಉಳಿಯುತ್ತದೆ.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ರೋಗದ ಜೊತೆಗೆ ಎಲೆ ಮುದುಡು ಮತ್ತು ಎಲೆ ಅಂಗಮಾರಿ ರೋಗಗಳನ್ನೂ ತಡೆಯುತ್ತದೆ. ಹಾಗಾದರೆ ಎಲ್ಲರೂ ಅದನ್ನೇ ಹಾಕಬಹುದಲ್ವಾ? ಹಾಕಬಹುದು. ಆದರೆ ತಳಿ ಆರಿಸುವವರು ರೈತರು ಮಾತ್ರ ಅಲ್ಲ, ಮಂಡಿಯೂ ಆರಿಸುತ್ತದೆ. ವ್ಯಾಪಾರಿ ಕೇಳುವ ಕಾಯಿಯನ್ನೇ ಬೆಳೆಯಬೇಕು, ರೋಗವೂ ಬರಬಾರದು ಅಂದರೆ ಕಸಿ ಒಂದು ದಾರಿ. ಕೆಳಗೆ ಈ ರೋಗ ತಡೆಯುವ ಬದನೆಯ ಬೇರು, ಮೇಲೆ ಬೇಕಾದ ಟೊಮೆಟೊ.

ಬದನೆ ನಿಧಾನವಾಗಿ ಬೆಳೆಯುವುದರಿಂದ ಅದರ ಬೀಜವನ್ನು ಟ್ರೇಗೆ ಮೊದಲು ಹಾಕಬೇಕು. ಎರಡೂ ಕಾಂಡ ಒಂದೇ ದಪ್ಪ ಬಂದಾಗ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಜೋಡಿಸಿ, ಒಂದು ಪುಟ್ಟ ಕ್ಲಿಪ್ ಹಾಕುವುದು. ಆಮೇಲೆ ಸುಮಾರು ಒಂದು ವಾರ ಮಬ್ಬು ಬೆಳಕು, ತುಂಬಾ ತೇವ. ಅಲ್ಲಿ ಗಾಳಿ ಸ್ವಲ್ಪ ಒಣಗಿದರೂ ಸಸಿ ಸತ್ತಿತು ಅಂತಲೇ ತಿಳಿಯಿರಿ.

ಇಷ್ಟಕ್ಕೆ ಪಿಎಚ್‌ಡಿ ಬೇಕಾ? ಕಸಿ ಮಾಡಲು ಬೇಡ. ನರ್ಸರಿಯ ಹೆಂಗಸರ ಕೈ ನನ್ನ ಕೈಗಿಂತ ಚುರುಕು. ಕಸಿಯಿಂದ ಲಾಭ ಆಯಿತೋ ಇಲ್ಲವೋ ಅಂತ ತಿಳಿಯುವುದೇ ಕಷ್ಟದ ಕೆಲಸ. ಹೊಲದ ಒಂದು ಮೂಲೆ ಫಲವತ್ತಾಗಿರುತ್ತದೆ, ಇನ್ನೊಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ. ಚೆನ್ನಾಗಿ ಬಂದಿದ್ದು ಕಸಿಯಿಂದಲೋ ಮಣ್ಣಿನಿಂದಲೋ? ಅದಕ್ಕೇ ಹೊಲವನ್ನು ಪಟ್ಟಿಗಳಾಗಿ ಭಾಗ ಮಾಡಿ, ಪ್ರತಿ ಪಟ್ಟಿಯಲ್ಲೂ ಯಾವ ಸಸಿ ಎಲ್ಲಿ ಅಂತ ಚೀಟಿ ಎತ್ತಿ ನೆಡುತ್ತೇವೆ. ನಮ್ಮ ಇಷ್ಟದ ಸಸಿಗೆ ಒಳ್ಳೆ ಜಾಗ ಕೊಡುವ ಆಸೆ ಎಲ್ಲರಿಗೂ ಇರುತ್ತದೆ. ಚೀಟಿ ಅದಕ್ಕೆ ಅವಕಾಶ ಕೊಡುವುದಿಲ್ಲ. ಮುಂದಿನ ಹಂಗಾಮಿನಲ್ಲಿ ಮತ್ತೆ ಅದೇ ಕೆಲಸ. ನನ್ನ ಪ್ರಕಾರ ಥೀಸಿಸ್‌ನ ತಿರುಳು ಇಲ್ಲಿದೆ, ಆ ದಪ್ಪ ರಟ್ಟಿನ ಪುಸ್ತಕದಲ್ಲಿ ಅಲ್ಲ.

ಕೊನೆಗೆ ಗೊತ್ತಾಗಿದ್ದು ಸರಳ. ರೋಗ ಇರುವ ಮಣ್ಣಿನಲ್ಲಿ ಕಸಿ ಗಿಡ ನಿಂತಿತು. ರೋಗ ಇಲ್ಲದ ಮಣ್ಣಿನಲ್ಲಿ, ಸಸಿಗೆ ಕೊಟ್ಟ ಹೆಚ್ಚಿನ ದುಡ್ಡಿಗೆ ತಕ್ಕ ಲಾಭ ಕಾಣಲಿಲ್ಲ.

ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ ಮುಗಿಯಿತು, ಗೈಡ್ ಕೈಕುಲುಕಿದರು. ಮುಂದೇನು? ಮನೆಯವರಿಗೆ ಸರ್ಕಾರಿ ಕೆಲಸವೇ ಕೆಲಸ. ಎನ್‌ಇಟಿ ಅನ್ನುವ ಅರ್ಹತಾ ಪರೀಕ್ಷೆ ಬರೆದು ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಕಾಯಬಹುದು, ಆದರೆ ಸುಮ್ನೆ ಕೂತು ಕಾಯಬಾರದು. ಬೀಜ ಕಂಪನಿ, ಅಂಗಾಂಶ ಕೃಷಿ ಲ್ಯಾಬ್, ಕೃಷಿ ವಿಜ್ಞಾನ ಕೇಂದ್ರ, ಹೂವಿನ ಪಾಲಿಹೌಸ್, ಎಲ್ಲಾ ಕಡೆ ಗಿಡ ಓದಿದವರು ಬೇಕು. ತುಮಕೂರಿನ ಕಡೆ ನೋಡಿ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಪರಮೇಶ್ ಅವರ ತೋಟದಲ್ಲಿ ಕೆಂಪು ತೊಳೆಯ ಒಂದು ಹಲಸಿನ ಮರ ಇತ್ತು. ವಿಜ್ಞಾನಿಗಳು ಅದನ್ನು ಗುರುತಿಸಿದರು, ಅದು 'ಸಿದ್ದು' ಹಲಸು ಆಯಿತು. ಕಸಿ ಸಸಿಯ ಮಾರಾಟದಲ್ಲಿ ಆ ರೈತರಿಗೂ ಪಾಲು ಇದೆ. ಹಳ್ಳಿ ಹಳ್ಳಿ ತಿರುಗಿ ಇಂಥ ಮರ ಹುಡುಕುವುದೂ ವಿಜ್ಞಾನಿಯ ಕೆಲಸವೇ.

ನಾನು ಈಗ ಒಂದು ನರ್ಸರಿಯಲ್ಲಿ ಕಸಿ ಸಸಿಯ ಉಸ್ತುವಾರಿ ನೋಡಿಕೊಳ್ಳುತ್ತೇನೆ. ಸಸಿ ಕೇಳಿಕೊಂಡು ಬಂದವರನ್ನು ಮೊದಲು ಕೇಳುವುದು, "ಹೋದ ಸಲ ನಿಮ್ಮ ತೋಟದಲ್ಲಿ ಗಿಡ ಬಾಡಿತ್ತಾ ಅಣ್ಣಾ?" ಇಲ್ಲ ಅಂದರೆ, "ಮಾಮೂಲಿ ಸಸಿ ತಗೊಂಡು ಹೋಗಿ, ಸಾಕು" ಅನ್ನುತ್ತೇನೆ. ನರ್ಸರಿಯ ಯಜಮಾನರು ಆಗ ನನ್ನನ್ನು ಒಂಥರಾ ನೋಡುತ್ತಾರೆ. ನೋಡಲಿ. ಮುಂದಿನ ಬೆಳೆಗೂ ಆ ರೈತರು ಸಸಿಗೆ ನಮ್ಮ ಹತ್ತಿರವೇ ಬರುತ್ತಾರೆ.

ನಮಸ್ಕಾರ.